ಒಂದು ಗುಂಟೆಯ ಕರ್ಣ: ನಮ್ಮ ಗಣಿತ ಪಾಠಗಳ ಹಿಂದಿನ ಚರಿತ್ರೆ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದೆ. ಶಾಲೆ ಕಟ್ಟಿದವರ ಶ್ರಮ, ಗುರುಗಳ ನೆನಪು, ಊರಿನ ಕೊಡುಗೆ ಇವುಗಳನ್ನೆಲ್ಲ ನನಗಿಂತ ಹಿರಿಯರು ಈ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾನು ಬೇರೊಂದು ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಈ ಐವತ್ತು ವರ್ಷಗಳಲ್ಲಿ ಪಠ್ಯಪುಸ್ತಕ ಎಷ್ಟು ಸಲ ಬದಲಾದರೂ ನಮ್ಮ ಕಪ್ಪುಹಲಗೆಯಿಂದ ಎರಡು ಪಾಠಗಳು ಮಾತ್ರ ಅಳಿಸಿಹೋಗಿಲ್ಲ. ಒಂದು, ಸಂಖ್ಯೆಗಳ ವಿಂಗಡಣೆ: ಸ್ವಾಭಾವಿಕ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ, ಅಭಾಗಲಬ್ಧ, ವಾಸ್ತವ ಸಂಖ್ಯೆ. ಇನ್ನೊಂದು, ಲಂಬಕೋನ ತ್ರಿಭುಜದ ಪೈಥಾಗೊರಸ್ ಪ್ರಮೇಯ.

ಓದುವಾಗ ಇವೆರಡಕ್ಕೂ ಸಂಬಂಧವೇ ಇಲ್ಲ ಎನಿಸುತ್ತದೆ. ಒಂದು ಬೀಜಗಣಿತದ ಕಡೆಯದು, ಇನ್ನೊಂದು ರೇಖಾಗಣಿತದ ಕಡೆಯದು. ಒಂದಕ್ಕೆ ವ್ಯಾಖ್ಯೆ ಬಾಯಿಪಾಠ ಮಾಡುತ್ತೇವೆ, ಇನ್ನೊಂದಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಆದರೆ ಚರಿತ್ರೆಯನ್ನು ನೋಡಿದರೆ ಇವೆರಡೂ ಒಂದೇ ಕಥೆಯ ಎರಡು ತುದಿಗಳು. ಆ ಕಥೆಯನ್ನು ನಮ್ಮ ಊರಿನ ಲೆಕ್ಕದಿಂದಲೇ ಶುರು ಮಾಡಬಹುದು.

ಎರಡು ಗುಂಟೆಯ ಚೌಕ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇದು ಪಹಣಿ ನೋಡಿದವರಿಗೆಲ್ಲ ಗೊತ್ತು. ಈಗ ಒಬ್ಬರಿಗೆ ಸರಿಯಾಗಿ ಎರಡು ಗುಂಟೆಯ ಜಾಗ ಬೇಕು, ಅದೂ ಚೌಕವಾಗಿಯೇ ಇರಬೇಕು ಎಂದುಕೊಳ್ಳಿ. ಬಾಹು ಎಷ್ಟಿರಬೇಕು?

ಬಾಹುವನ್ನು ಎರಡರಷ್ಟು ಮಾಡಿ 66 ಅಡಿ ಹಿಡಿದರೆ ನಾಲ್ಕು ಗುಂಟೆಯಾಗುತ್ತದೆ. 47 ಅಡಿ ಹಿಡಿದರೆ 2209 ಚದರ ಅಡಿ, ಬೇಕಾದ 2178ಕ್ಕಿಂತ ಹೆಚ್ಚು. 46 ಅಡಿ 6 ಅಂಗುಲ ಹಿಡಿದರೆ ಕಡಿಮೆ. 46 ಅಡಿ 8 ಅಂಗುಲ ಹಿಡಿದರೆ ತೀರಾ ಹತ್ತಿರ ಬರುತ್ತದೆ, ಆದರೂ ಕೂದಲೆಳೆಯಷ್ಟು ಕಡಿಮೆಯೇ.

ಹಗ್ಗ ಇದ್ದವರಿಗೆ ಈ ಲೆಕ್ಕ ಒಂದು ನಿಮಿಷದ ಕೆಲಸ. ಒಂದು ಗುಂಟೆಯ ಚೌಕದಲ್ಲಿ ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿಯಬೇಕು. ಆ ಕರ್ಣದ ಉದ್ದವೇ ಎರಡು ಗುಂಟೆ ಚೌಕದ ಬಾಹು. ಏಕೆ ಎಂದರೆ, ಕರ್ಣವು ಒಂದು ಗುಂಟೆಯನ್ನು ಅರ್ಧರ್ಧ ಗುಂಟೆಯ ಎರಡು ತ್ರಿಭುಜಗಳಾಗಿ ಸೀಳುತ್ತದೆ. ಕರ್ಣದ ಮೇಲೆ ಹೊಸ ಚೌಕ ಎಳೆದರೆ ಅದರೊಳಗೆ ಅಂಥವೇ ನಾಲ್ಕು ತ್ರಿಭುಜಗಳು ಕೂಡುತ್ತವೆ. ನಾಲ್ಕು ಅರ್ಧ ಸೇರಿದರೆ ಎರಡು.

ಹಗ್ಗ ಉತ್ತರ ಕೊಟ್ಟಿತು. ಆದರೆ ಆ ಉದ್ದವನ್ನು ಸಂಖ್ಯೆಯಾಗಿ ಬರೆಯಿರಿ ಎಂದರೆ ತೊಡಕು ಶುರುವಾಗುತ್ತದೆ. ಈ ಒಂದು ತೊಡಕನ್ನು ಬಿಡಿಸಲು ಮನುಷ್ಯರಿಗೆ ಎರಡೂವರೆ ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮಣ್ಣಿನ ಹಲಗೆಯೂ ಯಜ್ಞದ ಹಗ್ಗವೂ

ಈಗಿನ ಇರಾಕ್ ದೇಶದಲ್ಲಿದ್ದ ಬ್ಯಾಬಿಲೋನಿಯಾದ ಜನ ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಕ್ರಿ.ಪೂ. 1800ರಿಂದ 1600ರ ನಡುವಿನ ಅಂಥದೊಂದು ಅಂಗೈಯಗಲದ ಹಲಗೆ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರ ಮೇಲೆ ಒಂದು ಚೌಕ, ಅದರ ಎರಡು ಕರ್ಣಗಳು, ಜೊತೆಗೆ ಕೆಲವು ಅಂಕಿಗಳಿವೆ. ಅವರ ಎಣಿಕೆ ಅರವತ್ತರ ಮೇಲೆ ನಡೆಯುತ್ತಿತ್ತು. ಆ ಅಂಕಿಗಳನ್ನು ನಮ್ಮ ದಶಮಾಂಶಕ್ಕೆ ತಿರುಗಿಸಿದರೆ ಸುಮಾರು 1.414213 ಬರುತ್ತದೆ. ಎರಡರ ವರ್ಗಮೂಲಕ್ಕೆ ಐದು ದಶಮಾಂಶ ಸ್ಥಾನದವರೆಗೆ ಸರಿಯಾದ ಬೆಲೆ. ಇದು ಯಾರೋ ವಿದ್ಯಾರ್ಥಿಯ ಅಭ್ಯಾಸದ ಹಲಗೆ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಇಂದಿಗೆ ಮೂರೂವರೆ ಸಾವಿರ ವರ್ಷಗಳ ಹಿಂದಿನ ಒಂದು ಸ್ಲೇಟು!

ನಮ್ಮ ದೇಶದಲ್ಲಿ ಇದೇ ವಿಷಯ ಶುಲ್ಬಸೂತ್ರಗಳಲ್ಲಿ ಬರುತ್ತದೆ. ಶುಲ್ಬ ಎಂದರೆ ಹಗ್ಗ. ಯಜ್ಞವೇದಿಕೆಗಳನ್ನು ಹಗ್ಗ, ಗೂಟಗಳಿಂದ ಅಳೆದು ಕಟ್ಟುವ ನಿಯಮಗಳು ಅವು. ಅವುಗಳಲ್ಲಿ ಹಳೆಯದಾದ ಬೌಧಾಯನ ಶುಲ್ಬಸೂತ್ರವನ್ನು ಕ್ರಿ.ಪೂ. 800ರಿಂದ 500ರ ನಡುವಿನದೆಂದು ಸಾಮಾನ್ಯವಾಗಿ ಗಣಿಸುತ್ತಾರೆ. ಆಯತದ ಕರ್ಣದ ಮೇಲೆ ಹಿಡಿದ ಹಗ್ಗವು ಎಷ್ಟು ವಿಸ್ತೀರ್ಣವನ್ನು ಕೊಡುತ್ತದೋ, ಉದ್ದ ಮತ್ತು ಅಗಲಗಳು ಬೇರೆಬೇರೆಯಾಗಿ ಕೊಡುವ ವಿಸ್ತೀರ್ಣಗಳು ಸೇರಿದರೆ ಅಷ್ಟೇ ಆಗುತ್ತದೆ ಎಂಬ ನಿಯಮ ಅದರಲ್ಲಿ ಸ್ಪಷ್ಟವಾಗಿದೆ. ನಾವು ಬಾಯಿಪಾಠ ಮಾಡಿದ ಪ್ರಮೇಯದ ಹೇಳಿಕೆಯೇ ಇದು. 3 ಮತ್ತು 4, 5 ಮತ್ತು 12, 8 ಮತ್ತು 15, 7 ಮತ್ತು 24 ಹೀಗೆ ಕರ್ಣವೂ ಪೂರ್ಣ ಸಂಖ್ಯೆಯಾಗುವ ಜೋಡಿಗಳನ್ನೂ ಬೌಧಾಯನ ಕೊಟ್ಟಿದ್ದಾನೆ.

ಚೌಕದ ವಿಸ್ತೀರ್ಣವನ್ನು ಎರಡರಷ್ಟು ಮಾಡುವ ಹಗ್ಗಕ್ಕೆ ಅವರು ಇಟ್ಟ ಹೆಸರು ದ್ವಿಕರಣಿ. ನಮ್ಮ ಎರಡು ಗುಂಟೆಯ ಹಗ್ಗವೂ ದ್ವಿಕರಣಿಯೇ. ಅದರ ಉದ್ದಕ್ಕೆ ಬೌಧಾಯನ ಕೊಡುವ ಲೆಕ್ಕ ಹೀಗಿದೆ: ಬಾಹುವಿಗೆ ಅದರ ಮೂರನೆಯ ಒಂದು ಭಾಗ ಸೇರಿಸು, ಆ ಮೂರನೆಯ ಭಾಗದ ನಾಲ್ಕನೆಯ ಒಂದು ಭಾಗ ಸೇರಿಸು, ಕೊನೆಗೆ ಆ ನಾಲ್ಕನೆಯ ಭಾಗದ 34ನೆಯ ಒಂದು ಭಾಗ ಕಳೆ. ಲೆಕ್ಕ ಮಾಡಿದರೆ 577/408, ಅಂದರೆ 1.4142157 ಬರುತ್ತದೆ. ನಿಜವಾದ ಬೆಲೆ 1.4142136ರಿಂದ ಮುಂದುವರಿಯುತ್ತದೆ. ಒಂದು ಕಿಲೋಮೀಟರ್ ಬಾಹುವಿನ ಚೌಕದಲ್ಲಿ ಈ ಲೆಕ್ಕದಿಂದ ಆಗುವ ವ್ಯತ್ಯಾಸ ಸುಮಾರು ಎರಡು ಮಿಲಿಮೀಟರ್ ಮಾತ್ರ. ಇದು ಪೂರ್ತಿ ಉತ್ತರವಲ್ಲ, ಇನ್ನೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ ಎಂಬ ಸೂಚನೆಯನ್ನು ಅವರು ಬಳಸಿದ 'ಸವಿಶೇಷ' ಎಂಬ ಪದದಲ್ಲಿ ಹಲವು ವಿದ್ವಾಂಸರು ಕಂಡಿದ್ದಾರೆ.

ನಾವು ಓದುವಾಗ 'ಕರಣಿಗಳು' ಎಂಬ ಪಾಠವಿತ್ತು. √2, √3 ಇವುಗಳನ್ನು ಕೂಡುವುದು, ಗುಣಿಸುವುದು ಅದರಲ್ಲಿತ್ತು. ಆ ಕರಣಿಯ ಹಿಂದೆ ಇರುವುದು ಶುಲ್ಬಸೂತ್ರದ ಇದೇ ಹಗ್ಗ.

ಏಕೆ ಎಂಬ ಪ್ರಶ್ನೆ

ಪೈಥಾಗೊರಸ್ ಕ್ರಿ.ಪೂ. ಆರನೆಯ ಶತಮಾನದವನು. ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಹುಟ್ಟಿ, ದಕ್ಷಿಣ ಇಟಲಿಯ ಕ್ರೋಟಾನ್ ಎಂಬ ಊರಿನಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಬಾಳಿದವನು. ಅವನು ತಾನೇ ಬರೆದ ಪುಸ್ತಕ ಯಾವುದೂ ಉಳಿದಿಲ್ಲ. ಪ್ರಮೇಯಕ್ಕೆ ಅವನ ಹೆಸರು ಬಂದದ್ದು ನಂತರದವರಿಂದ.

ಪೈಥಾಗೊರಸನ ಪಂಥದವರಿಗೆ ಒಂದು ದೃಢ ನಂಬಿಕೆಯಿತ್ತು. ಜಗತ್ತಿನಲ್ಲಿ ಇರುವುದನ್ನೆಲ್ಲ ಪೂರ್ಣ ಸಂಖ್ಯೆಗಳಿಂದ, ಅವುಗಳ ಅನುಪಾತಗಳಿಂದ ಹೇಳಬಹುದು ಎಂಬುದು. ನಮ್ಮ ಇಂದಿನ ಮಾತಿನಲ್ಲಿ ಹೇಳುವುದಾದರೆ, ಎಲ್ಲ ಸಂಖ್ಯೆಗಳೂ ಭಾಗಲಬ್ಧ ಸಂಖ್ಯೆಗಳೇ ಎಂದು. ಈ ನಂಬಿಕೆಯನ್ನು ಮುರಿದದ್ದು ಬೇರೆ ಯಾವ ಶತ್ರುವೂ ಅಲ್ಲ, ಚೌಕದ ಕರ್ಣ. ಹಿಪ್ಪಾಸಸ್ ಎಂಬವನು ಈ ಗುಟ್ಟನ್ನು ಹೊರಗೆ ಹೇಳಿ ಸಮುದ್ರದಲ್ಲಿ ಮುಳುಗಿ ಸತ್ತ ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಅದನ್ನು ಕಥೆಯೆಂದೇ ತಿಳಿಯಬೇಕು. ಆದರೆ ಸಾಧನೆ ಮಾತ್ರ ಕಥೆಯಲ್ಲ. ಅದರ ಸುಳಿವು ಅರಿಸ್ಟಾಟಲನ ಬರಹದಲ್ಲಿದೆ. ಇಂದಿಗೂ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೇಳುವ ಅದೇ ಸಾಧನೆಯನ್ನು ಮರೆತವರಿಗಾಗಿ ಇಲ್ಲಿ ಬರೆಯುತ್ತೇನೆ.

√2 ಎಂಬುದು ಅ/ಬ ಎಂಬ ಭಿನ್ನರಾಶಿ ಎಂದುಕೊಳ್ಳೋಣ. ಅ ಮತ್ತು ಬ ಎರಡನ್ನೂ ಭಾಗಿಸುವ ಸಂಖ್ಯೆ 1ನ್ನು ಬಿಟ್ಟು ಬೇರೆ ಇಲ್ಲದಂತೆ ಅದನ್ನು ಮೊದಲೇ ಸಂಕ್ಷೇಪಿಸಿಕೊಂಡಿದ್ದೇವೆ. ಎರಡೂ ಕಡೆ ವರ್ಗ ಮಾಡಿದರೆ, ಅ ವರ್ಗವು ಬ ವರ್ಗದ ಎರಡರಷ್ಟಾಗುತ್ತದೆ. ಆದ್ದರಿಂದ ಅ ವರ್ಗ ಸಮಸಂಖ್ಯೆ. ಬೆಸಸಂಖ್ಯೆಯ ವರ್ಗ ಯಾವಾಗಲೂ ಬೆಸವೇ ಆಗಿರುವುದರಿಂದ ಅ ಕೂಡ ಸಮಸಂಖ್ಯೆಯೇ ಆಗಬೇಕು. ಅ ಎಂಬುದನ್ನು ಕ ಎಂಬ ಇನ್ನೊಂದು ಸಂಖ್ಯೆಯ ಎರಡರಷ್ಟು ಎಂದು ಬರೆದರೆ, ಬ ವರ್ಗವು ಕ ವರ್ಗದ ಎರಡರಷ್ಟು ಎಂದು ಬರುತ್ತದೆ. ಹಾಗಾದರೆ ಬ ಕೂಡ ಸಮಸಂಖ್ಯೆ. ಎರಡೂ ಸಮಸಂಖ್ಯೆಗಳಾದರೆ ಎರಡನ್ನೂ 2 ಭಾಗಿಸುತ್ತದೆ. ಆದರೆ ಹಾಗೆ ಭಾಗಿಸುವ ಸಂಖ್ಯೆ ಇಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ. ಆದ್ದರಿಂದ ನಮ್ಮ ಊಹೆಯೇ ತಪ್ಪು. √2 ಭಿನ್ನರಾಶಿಯಲ್ಲ.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಇಂದಿನವರೆಗೆ ಯಾರಿಗೂ ಅಂಥ ಭಿನ್ನರಾಶಿ ಸಿಕ್ಕಿಲ್ಲ ಎಂದಷ್ಟೇ ಇದು ಹೇಳುತ್ತಿಲ್ಲ. ಇನ್ನು ಸಾವಿರ ವರ್ಷ ಹುಡುಕಿದರೂ, ಎಷ್ಟೇ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡು ಹುಡುಕಿದರೂ ಸಿಗುವುದಿಲ್ಲ ಎಂದು ಹೇಳುತ್ತಿದೆ. ಅಳತೆಯಿಂದ ಈ ಮಾತನ್ನು ಹೇಳಲು ಸಾಧ್ಯವಿಲ್ಲ. ತರ್ಕದಿಂದ ಮಾತ್ರ ಸಾಧ್ಯ. ಕ್ರಿ.ಪೂ. ಸುಮಾರು 300ರಲ್ಲಿ ಅಲೆಕ್ಸಾಂಡ್ರಿಯಾದ ಯೂಕ್ಲಿಡ್ 'ಎಲಿಮೆಂಟ್ಸ್' ಎಂಬ 13 ಭಾಗಗಳ ಗ್ರಂಥದಲ್ಲಿ ಈ ಕ್ರಮವನ್ನೇ ಶಿಸ್ತಾಗಿ ಬೆಳೆಸಿದ. ಅದರ ಮೊದಲನೆಯ ಭಾಗದ 47ನೆಯ ಪ್ರಮೇಯ ಪೈಥಾಗೊರಸನದು, 48ನೆಯದು ಅದರ ವಿಲೋಮ. ಪಾಯ ಹಾಕುವಾಗ ನಮ್ಮ ಗಾರೆ ಮೇಸ್ತ್ರಿಗಳು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಅಡ್ಡಕ್ಕೆ 5 ಅಡಿ ಬಂದರೆ ಮೂಲೆ ಸರಿಯಾಗಿದೆ ಎನ್ನುತ್ತಾರಲ್ಲ, ಅವರು ಬಳಸುವುದು ಈ 48ನೆಯ ಪ್ರಮೇಯವನ್ನು.

ಸಾಲ, ಸೊತ್ತು ಮತ್ತು ಸೊನ್ನೆ

ಇನ್ನು ಸಂಖ್ಯೆಗಳ ಇನ್ನೊಂದು ದಿಕ್ಕನ್ನು ನೋಡೋಣ. ಎಣಿಸಲು ಸ್ವಾಭಾವಿಕ ಸಂಖ್ಯೆಗಳು ಸಾಕು. ಪಾಲು ಮಾಡಲು ಭಿನ್ನರಾಶಿ ಬೇಕು. ಮೂರರಲ್ಲಿ ಐದನ್ನು ಕಳೆ ಎಂದರೆ ಏನು ಮಾಡಬೇಕು? ಚೀನಾದ ಲೆಕ್ಕಿಗರು ಹಿಂದೆಯೇ ಕೆಂಪು ಕಡ್ಡಿಗಳನ್ನು ಧನಕ್ಕೂ ಕಪ್ಪು ಕಡ್ಡಿಗಳನ್ನು ಋಣಕ್ಕೂ ಬಳಸುತ್ತಿದ್ದರು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ ಮತ್ತು ಶೂನ್ಯ ಇವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕ್ರಮವಾಗಿ ಕೊಟ್ಟ. ಎರಡು ಋಣಗಳ ಗುಣಲಬ್ಧ ಧನ ಎಂಬುದೂ ಅದರಲ್ಲಿದೆ. ಧನ ಎಂದರೆ ಸೊತ್ತು, ಋಣ ಎಂದರೆ ಸಾಲ. ಇಂದಿಗೂ ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಇರುವುದು ಧನ ಸಂಖ್ಯೆ, ಋಣ ಸಂಖ್ಯೆ ಎಂಬ ಅವೇ ಪದಗಳು. ಯುರೋಪಿನ ಕೆಲವು ಗಣಿತಜ್ಞರು ಹದಿನೆಂಟನೆಯ ಶತಮಾನದಲ್ಲೂ ಋಣ ಸಂಖ್ಯೆಗಳನ್ನು ಸಂಖ್ಯೆಗಳೆಂದು ಒಪ್ಪಲು ಹಿಂದೇಟು ಹಾಕುತ್ತಿದ್ದರು.

ಭಾಗಲಬ್ಧ ಸಂಖ್ಯೆಯ ವ್ಯಾಖ್ಯೆಯಲ್ಲಿ 'ಛೇದ ಸೊನ್ನೆ ಆಗಿರಬಾರದು' ಎಂಬ ಒಂದು ಷರತ್ತು ಇದೆ. ಬರೆಯಲು ಮರೆತರೆ ಅರ್ಧ ಅಂಕ ಹೋಗುತ್ತಿತ್ತು. ಈ ಸಣ್ಣ ಷರತ್ತಿನ ಹಿಂದೆ ದೊಡ್ಡವರ ಪರದಾಟವೇ ಇದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ ಬ್ರಹ್ಮಗುಪ್ತ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದ ಮಹಾವೀರಾಚಾರ್ಯ. ಅದು ಅನಂತ ಎಂಬ ಅರ್ಥದಲ್ಲಿ 'ಖಹರ' ಎಂದು ಕರೆದ ಎರಡನೆಯ ಭಾಸ್ಕರ. ಇಂದಿನ ಗಣಿತ ಇವು ಯಾವುದನ್ನೂ ಒಪ್ಪದೆ, ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎಂದು ತೀರ್ಮಾನಿಸಿದೆ.

ಕನ್ನಡ ನಾಡಿನ ಪಾಲು

ಮಹಾವೀರಾಚಾರ್ಯನ ಹೆಸರು ಬಂದದ್ದರಿಂದ ಹೇಳಬೇಕು, ಅವನು ನಮ್ಮ ನಾಡಿನವರ ಆಶ್ರಯದಲ್ಲಿದ್ದವನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅಂದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವನು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ಬರೆದ. ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ'ವೂ ಅದೇ ಆಸ್ಥಾನದ್ದು. ಕಾವ್ಯ ಹೇಗೆ ಬರೆಯಬೇಕೆಂದು ಹೇಳುವ ಪುಸ್ತಕವೂ ಲೆಕ್ಕ ಹೇಗೆ ಮಾಡಬೇಕೆಂದು ಹೇಳುವ ಪುಸ್ತಕವೂ ಒಂದೇ ಕಾಲದಲ್ಲಿ, ಒಂದೇ ಅರಸನ ನೆರಳಿನಲ್ಲಿ ಹುಟ್ಟಿದವು ಎಂಬುದು ನಮಗೆ ಹೆಮ್ಮೆಯ ವಿಷಯ.

ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆ, ಕ್ಷೇತ್ರಗಣಿತಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಭಿನ್ನರಾಶಿಗಳನ್ನು ಕೂಡಲು ಲಘುತಮ ಸಾಮಾನ್ಯ ಅಪವರ್ತ್ಯ ಕಂಡುಹಿಡಿಯುವ ನಿಯಮವೂ ಇದೆ. ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಬರೆದ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಇಂದಿಗೂ ನಾವು ಹೇಳುವುದು ಅದನ್ನೇ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಗಿನ ಜಗತ್ತಿಗೂ ಅವನ ಪರಿಚಯವಾಯಿತು.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಎಂಬ ಕವಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ಬರೆದ. ಗಣಿತವನ್ನು ಕನ್ನಡದಲ್ಲಿ ಹೇಳಲಾಗದು ಎಂದು ಇಂದು ಯಾರಾದರೂ ಹೇಳಿದರೆ, ಎಂಟುನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದಾರೆ ಎಂದು ಉತ್ತರ ಕೊಡಬಹುದು.

ಅದೇ ಶತಮಾನದ ಭಾಸ್ಕರಾಚಾರ್ಯ 1114ರಲ್ಲಿ ಹುಟ್ಟಿ 1150ರಲ್ಲಿ 'ಲೀಲಾವತಿ' ಬರೆದವನು. ಅವನ ಊರು 'ವಿಜ್ಜಡವಿಡ' ನಮ್ಮ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದ ಪಾಟಣದ ಬಳಿಯದೆಂದು ಕೆಲವರು ಹೇಳುತ್ತಾರೆ. ಊರು ಯಾವುದೇ ಇರಲಿ, ಅವನ ಲೆಕ್ಕಗಳು ಹಳ್ಳಿಯವರಿಗೆ ಹೇಳಿ ಮಾಡಿಸಿದಂತಿವೆ. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿಯು ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿದರೆ ಎಷ್ಟು ಎತ್ತರದಲ್ಲಿ ಮುರಿದಿದೆ ಎಂಬುದು ಒಂದು ಲೆಕ್ಕ. ಉತ್ತರ 12 ಮೊಳ. ಮುರಿದ ಭಾಗ 20 ಮೊಳ, 12ರ ವರ್ಗ ಮತ್ತು 16ರ ವರ್ಗ ಸೇರಿದರೆ 20ರ ವರ್ಗ.

ಪ್ರಮೇಯಕ್ಕೆ ಅವನು 'ಬೀಜಗಣಿತ'ದಲ್ಲಿ ಕೊಟ್ಟ ಕಾರಣವನ್ನು ಎಂಟನೆಯ ತರಗತಿಯ ಮಕ್ಕಳೂ ರಟ್ಟು ಕತ್ತರಿಸಿ ನೋಡಬಹುದು. ಒಂದೇ ಅಳತೆಯ ನಾಲ್ಕು ಲಂಬಕೋನ ತ್ರಿಭುಜಗಳನ್ನು ಕತ್ತರಿಸಿ, ವಿಕರ್ಣಗಳು ಹೊರಗಿನ ನಾಲ್ಕು ಅಂಚುಗಳಾಗುವಂತೆ ಸುತ್ತಲೂ ಜೋಡಿಸಿ. ದೊಡ್ಡದೊಂದು ಚೌಕವಾಗುತ್ತದೆ, ನಡುವೆ ಸಣ್ಣ ಚೌಕವೊಂದು ಖಾಲಿ ಉಳಿಯುತ್ತದೆ. ಆ ಸಣ್ಣ ಚೌಕದ ಬಾಹು ಎಂದರೆ ತ್ರಿಭುಜದ ಎರಡು ಬಾಹುಗಳ ವ್ಯತ್ಯಾಸ. ಬಾಹುಗಳು 3 ಮತ್ತು 4 ಆದರೆ ಒಂದು ತ್ರಿಭುಜ 6, ನಾಲ್ಕು ಸೇರಿ 24, ನಡುವಿನ ಚೌಕ 1, ಒಟ್ಟು 25. ಅದು 5ರ ವರ್ಗ. ಬಾಹುಗಳು ಯಾವುವೇ ಇರಲಿ ಇದೇ ಲೆಕ್ಕ ನಡೆಯುತ್ತದೆ.

22/7 ಎಂಬ ಗೊಂದಲ

ನಮ್ಮ ತರಗತಿಗಳಲ್ಲಿ ಪ್ರತಿವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ: ಪೈ ಎಂದರೆ 22/7, ಅದು ಭಿನ್ನರಾಶಿ, ಹಾಗಾದರೆ ಪೈ ಅಭಾಗಲಬ್ಧ ಹೇಗೆ? ಇದು ಬುದ್ಧಿವಂತರ ಪ್ರಶ್ನೆ. ಉತ್ತರವೇನೆಂದರೆ, 22/7 ಪೈಯ ಹತ್ತಿರದ ಬೆಲೆ ಮಾತ್ರ. ಪೈ ಅದಕ್ಕಿಂತ ಸ್ವಲ್ಪ ಕಡಿಮೆ ಎಂದು ಆರ್ಕಿಮಿಡೀಸ್ ಕ್ರಿ.ಪೂ. ಮೂರನೆಯ ಶತಮಾನದಲ್ಲೇ ತೋರಿಸಿದ್ದ. ಕ್ರಿ.ಶ. 499ರಲ್ಲಿ ಆರ್ಯಭಟ 62832/20000, ಅಂದರೆ 3.1416 ಎಂಬ ಬೆಲೆ ಕೊಟ್ಟು, ಅದನ್ನು 'ಆಸನ್ನ' ಎಂದು ಕರೆದ. ಆಸನ್ನ ಎಂದರೆ ಹತ್ತಿರದ್ದು. ಸಾವಿರ ವರ್ಷದ ನಂತರ ಕೇರಳದ ನೀಲಕಂಠ ಸೋಮಯಾಜಿ ಆ ಪದವನ್ನು ವಿವರಿಸುತ್ತಾ, ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುತ್ತದೆ ಎಂದು ಬರೆದ. ಪೈ ಅಭಾಗಲಬ್ಧ ಎಂಬುದಕ್ಕೆ ಸಾಧನೆ ಕೊಟ್ಟವನು ಲ್ಯಾಂಬರ್ಟ್, ಹದಿನೆಂಟನೆಯ ಶತಮಾನದಲ್ಲಿ.

ಕೊನೆಯ ಕೊಂಡಿ ಒಬ್ಬ ಮೇಷ್ಟ್ರಿಂದ ಬಂತು. ರಿಚರ್ಡ್ ಡೆಡೆಕಿಂಡ್ 1858ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಲನಶಾಸ್ತ್ರ ಪಾಠ ಮಾಡುತ್ತಿದ್ದಾಗ, ತಾನು ಹೇಳುತ್ತಿರುವುದಕ್ಕೆ ಗಟ್ಟಿಯಾದ ತಳಪಾಯವಿಲ್ಲ ಎಂದು ಅವನಿಗೆ ಅನಿಸಿತು. ಭಾಗಲಬ್ಧ ಸಂಖ್ಯೆಗಳನ್ನೆಲ್ಲ ಒಂದು ಸಾಲಿನಲ್ಲಿಟ್ಟು ಎರಡು ಭಾಗವಾಗಿ ಕತ್ತರಿಸಿದರೆ, ಕತ್ತರಿ ಬಿದ್ದ ಜಾಗದಲ್ಲಿ ಕೆಲವೊಮ್ಮೆ ಯಾವ ಭಾಗಲಬ್ಧ ಸಂಖ್ಯೆಯೂ ಇರುವುದಿಲ್ಲ. ವರ್ಗ 2ಕ್ಕಿಂತ ಕಡಿಮೆ ಇರುವ ಧನ ಸಂಖ್ಯೆಗಳು ಒಂದು ಕಡೆ, ಹೆಚ್ಚಿರುವವು ಇನ್ನೊಂದು ಕಡೆ ಎಂದು ಕತ್ತರಿಸಿದರೆ ಆ ಖಾಲಿ ಜಾಗವೇ √2. ಹೀಗೆ ಅಭಾಗಲಬ್ಧ ಸಂಖ್ಯೆಗಳನ್ನು ಸರಿಯಾಗಿ ವ್ಯಾಖ್ಯಾನಿಸಿ ಅವನು 1872ರಲ್ಲಿ ಪ್ರಕಟಿಸಿದ. √2 × √3 = √6 ಎಂಬುದಕ್ಕೂ ತನಗೆ ತಿಳಿದಂತೆ ಅಲ್ಲಿಯವರೆಗೆ ಸರಿಯಾದ ಸಾಧನೆ ಇರಲಿಲ್ಲ ಎಂದೂ ಬರೆದ. ನಾವು ಕರಣಿಗಳ ಪಾಠದಲ್ಲಿ ಕಣ್ಣುಮುಚ್ಚಿ ಮಾಡುತ್ತಿದ್ದ ಲೆಕ್ಕ ಅದು!

ಕಂಪ್ಯೂಟರಿನೊಳಗಿನ ವಿಂಗಡಣೆ

ಇದೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವವರಿಗೆ ನನ್ನ ವೃತ್ತಿಯಿಂದಲೇ ಒಂದು ಉತ್ತರವಿದೆ. ನಾವು ಪ್ರೋಗ್ರಾಂ ಬರೆಯುವಾಗ, ಹಲವು ಭಾಷೆಗಳಲ್ಲಿ ಇದು ಪೂರ್ಣಾಂಕವೋ ದಶಮಾಂಶವೋ ಎಂದು ಮೊದಲೇ ಹೇಳಬೇಕಾಗುತ್ತದೆ. ಕಂಪ್ಯೂಟರ್ ಎರಡರ ಮೇಲೆ ಎಣಿಸುತ್ತದೆ. ಒಂದು ಪ್ರಮೇಯವಿದೆ: ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮಾತ್ರ ಅದರ ದಶಮಾಂಶ ರೂಪ ಕೊನೆಗೊಳ್ಳುತ್ತದೆ. ಎರಡರ ಎಣಿಕೆಯಲ್ಲಿ 5 ಕೂಡ ಹೋಗಿ, 2 ಒಂದೇ ಉಳಿಯುತ್ತದೆ. ಆದ್ದರಿಂದ ನಮಗೆ ಸರಳವಾಗಿ 0.1 ಎಂದು ಕಾಣುವ ಸಂಖ್ಯೆ ಕಂಪ್ಯೂಟರಿನೊಳಗೆ ಎಂದೂ ಮುಗಿಯುವುದಿಲ್ಲ. ಎಲ್ಲಿಯಾದರೂ ಕತ್ತರಿಸಲೇಬೇಕು.

1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನಿಂದ ಬಂದ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಆ ಯಂತ್ರದ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಕತ್ತರಿಸಿದ 0.1ರ ಸಣ್ಣ ವ್ಯತ್ಯಾಸ ನೂರು ಗಂಟೆಗಳಲ್ಲಿ ಸೇರುತ್ತ ಸೇರುತ್ತ ಸುಮಾರು 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಒಂದು ಸಂಖ್ಯೆ ಯಾವ ಗುಂಪಿಗೆ ಸೇರಿದ್ದು, ಅದು ಕೊನೆಗೊಳ್ಳುತ್ತದೆಯೋ ಇಲ್ಲವೋ ಎಂಬುದು ಎರಡು ಅಂಕದ ಪ್ರಶ್ನೆ ಮಾತ್ರ ಅಲ್ಲ.

ಮಕ್ಕಳಿಗೂ ಪೋಷಕರಿಗೂ ಒಂದು ಮಾತು

ನಮ್ಮ ಜೊತೆ ಓದಿದವರಲ್ಲಿ ಗಣಿತ ಒಂದರಲ್ಲೇ ಉಳಿದು ಓದು ನಿಲ್ಲಿಸಿದವರಿದ್ದಾರೆ. ಅವರಲ್ಲಿ ಕೆಲವರು ಇಂದು ಗಾರೆ ಕೆಲಸದಲ್ಲಿ, ಮರಗೆಲಸದಲ್ಲಿ ನುರಿತವರು. ಮೂಲೆ ಕಟ್ಟುವುದರಲ್ಲಿ ಅವರ ಕೈ ತಪ್ಪುವುದಿಲ್ಲ. ಆದರೆ "ನಮಗೆ ಲೆಕ್ಕ ತಲೆಗೆ ಹತ್ತಲಿಲ್ಲ" ಎಂದೇ ಅವರು ಹೇಳುತ್ತಾರೆ, "ನಮ್ಮ ಮಕ್ಕಳಿಗೂ ಅಷ್ಟೇ" ಎಂದೂ ಸೇರಿಸುತ್ತಾರೆ. ಆ ಮಾತು ಕೇಳಿ ಬೆಳೆದ ಮಗು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿರುತ್ತದೆ.

ಮೇಲಿನ ಚರಿತ್ರೆಯನ್ನು ನಾನು ಬರೆದದ್ದು ಅಂಥ ಮಗುವಿಗಾಗಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗೆ ಎಂದು ತಲೆ ಕೆರೆದುಕೊಳ್ಳುವ ಹುಡುಗಿ ನಿಂತಿರುವುದು ಯುರೋಪಿನ ಪಂಡಿತರು ನೂರಾರು ವರ್ಷ ನಿಂತಿದ್ದ ಜಾಗದಲ್ಲಿ. ಸೊನ್ನೆಯಿಂದ ಏಕೆ ಭಾಗಿಸಬಾರದು ಎಂದು ಕೇಳುವ ಹುಡುಗ ಮಹಾವೀರಾಚಾರ್ಯನೂ ಎಡವಿದ ಜಾಗದಲ್ಲಿ ನಿಂತಿದ್ದಾನೆ. √2 ಎಂಬುದು ನಿಜವಾಗಿ ಏನು ಎಂದು ಕೇಳಿದರೆ, ಅದೇ ಪ್ರಶ್ನೆ ಡೆಡೆಕಿಂಡನನ್ನೂ ಕಾಡಿತ್ತು. ಅರ್ಥವಾಗದಿರುವುದು ಮಗುವಿನ ತಲೆಯ ದೋಷವಲ್ಲ, ವಿಷಯವೇ ಅಷ್ಟು ಆಳವಾದದ್ದು. "ಸೂತ್ರ ಹಾಗಿದೆ, ಬರೆದುಕೋ" ಎಂಬ ಉತ್ತರದಿಂದ ಅಂಕ ಬರಬಹುದು, ಪ್ರಶ್ನೆ ಮಾತ್ರ ಅಲ್ಲಿಗೇ ಸಾಯುತ್ತದೆ. ಪಠ್ಯಪುಸ್ತಕದಲ್ಲಿರುವ ಸಂಖ್ಯೆಗಳ ಪಟ್ಟಿಯ ಪ್ರತಿಯೊಂದು ಸಾಲೂ ಹಿಂದಿನ ಸಾಲಿನಿಂದ ಬಿಡಿಸಲಾಗದ ಒಂದು ಪ್ರಶ್ನೆಯನ್ನು ಯಾರೋ ಬಿಡದೆ ಕೇಳಿದ್ದರಿಂದ ಸೇರಿದ್ದು.

ಇನ್ನೊಂದು ಮಾತು. ಎಲ್ಲವೂ ನಮ್ಮವರೇ ಕಂಡುಹಿಡಿದದ್ದು ಎಂದು ಹೇಳುವವರಿದ್ದಾರೆ, ಎಲ್ಲವೂ ಪಶ್ಚಿಮದಿಂದ ಬಂದದ್ದು ಎನ್ನುವವರೂ ಇದ್ದಾರೆ. ಬ್ಯಾಬಿಲೋನಿನ ಸ್ಲೇಟು, ಬೌಧಾಯನನ ಹಗ್ಗ, ಗ್ರೀಕರ ಸಾಧನೆ, ಬ್ರಹ್ಮಗುಪ್ತನ ಧನ ಋಣ, ಮಳಖೇಡದ ಕ್ಷೇತ್ರಗಣಿತ, ಜ್ಯೂರಿಕ್‌ನ ಮೇಷ್ಟ್ರ ಪಾಠ ಇವೆಲ್ಲ ಸೇರಿದ ಮೇಲೆಯೇ ನಮ್ಮ ಹತ್ತನೆಯ ತರಗತಿಯ ಪುಸ್ತಕ ಆಗಿರುವುದು.

ಗುರುಗಳಲ್ಲಿ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ವರ್ಷದಲ್ಲಿ ಶಾಲೆಯ ಮೈದಾನದ ಒಂದು ಮೂಲೆಯಲ್ಲಿ ಸುಣ್ಣದ ಪುಡಿಯಿಂದ 33 ಅಡಿಯ ಚೌಕವೊಂದನ್ನು ಎಳೆಯಿಸಿ. ಊರಿನ ಮೇಸ್ತ್ರಿಯೊಬ್ಬರನ್ನು ಕರೆದು, ಮೂರು, ನಾಲ್ಕು, ಐದರ ದಾರದಿಂದ ಮೂಲೆ ಹೇಗೆ ಕಟ್ಟುತ್ತಾರೆಂದು ಮಕ್ಕಳ ಎದುರು ತೋರಿಸಲು ಹೇಳಿ. ಆಮೇಲೆ ಮಕ್ಕಳೇ ಕರ್ಣಕ್ಕೆ ಹಗ್ಗ ಹಿಡಿದು ಎರಡು ಗುಂಟೆಯ ಚೌಕ ಎಳೆಯಲಿ, ಹಗ್ಗದ ಉದ್ದ 46 ಅಡಿ 8 ಅಂಗುಲ ಬರುತ್ತದೆಯೇ, ಇನ್ನೂ ಕೂದಲೆಳೆಯಷ್ಟು ಉಳಿಯುತ್ತದೆಯೇ ಎಂದು ಟೇಪು ಹಿಡಿದು ನೋಡಲಿ. ಆ ಉಳಿಕೆ ಏಕೆ ಎಂದು ಯಾರಾದರೂ ಕೇಳಿದರೆ, ಅಲ್ಲಿಂದ ಪಾಠ ಶುರು ಮಾಡಬಹುದು. ಹಗ್ಗ, ಸುಣ್ಣದ ಪುಡಿ ಮತ್ತು ಟೇಪಿನ ಖರ್ಚನ್ನು ಕೊಡಲು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧರಿದ್ದೇವೆ.

ನಮಗೆ ಅಕ್ಷರವನ್ನೂ ಅಂಕಿಯನ್ನೂ ಕೊಟ್ಟ ಶಾಲೆ ನೂರರತ್ತ ಸಾಗಲಿ.